ಎರಡೂವರೆ ಇಂಚಿನ ಬಾಯಿಗೆ ಎರಡು ಇಂಚಿನ ಹಿಚ್

ಹಳೆಯ ಪಿಕಪ್ ಟ್ರಕ್ಕನ್ನು ಮಾರುವಾಗ ಅದರ ಹಿಚ್ಚಿನ, ಅಂದರೆ ಟ್ರೇಲರ್ ಸಿಕ್ಕಿಸುವ ಜೋಡಣೆಯ, ಬಾಲ್ ಮೌಂಟನ್ನು ಬಿಚ್ಚಿ ಇಟ್ಟುಕೊಂಡಿದ್ದೆ. ತುದಿಯಲ್ಲಿ ಬಾಲ್ ಎಂಬ ಗುಂಡನ್ನು ಹೊತ್ತು ಒಂಬತ್ತು ವರ್ಷ ಟ್ರೇಲರ್ ಎಳೆದ ಕಬ್ಬಿಣ ಅದು. ಎಲ್ಲಿ ಬಣ್ಣ ಹೋಗಿದೆ, ಎಲ್ಲಿ ಟ್ರೇಲರಿನ ಮೂತಿಯ ಕಪ್ಲರ್, ಅಂದರೆ ಬಾಲಿನ ಮೇಲೆ ಕೂರುವ ಬಟ್ಟಲು, ಉಜ್ಜಿ ಉಜ್ಜಿ ಹೊಳಪು ಬಂದಿದೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತು. ಹೊಸ ಟ್ರಕ್ ಮನೆಗೆ ಬಂದ ದಿನವೇ ಅದರ ಹಿಂಬದಿಯ ರಿಸೀವರಿಗೆ ಇದನ್ನು ತೂರಿಸಿದೆ. ತೂರಿಸಿದೆ ಎನ್ನುವುದಕ್ಕಿಂತ ಅದು ಒಳಗೆ ಬಿದ್ದಿತು ಎನ್ನಬೇಕು. ಪಕ್ಕದಲ್ಲಿ ಕಿರುಬೆರಳು ಆರಾಮವಾಗಿ ಓಡಾಡುವಷ್ಟು ಜಾಗ. ಹಳೆಯ ರಿಸೀವರ್ 2 ಇಂಚಿನದು, ಹೊಸದು 2.5 ಇಂಚಿನದು. ಟ್ರಕ್ ಕೊಳ್ಳುವಾಗ ಎಂಜಿನ್, ಗೇರು, ಟೈರು ಎಲ್ಲವನ್ನೂ ವಿಚಾರಿಸಿದವನು ಇದೊಂದನ್ನು ಕೇಳಿರಲಿಲ್ಲ.

ರಿಸೀವರ್ ಎಂದರೆ ವಾಹನದ ಚಾಸಿಗೆ ಬೋಲ್ಟ್ ಮಾಡಿದ ಚೌಕಟ್ಟಿನ ನಡುವೆ ಇರುವ ಚೌಕ ಕೊಳವೆ. ಸಾಮಾನ್ಯವಾಗಿ ಸಿಗುವ ಅಳತೆಗಳು ನಾಲ್ಕು: ಸಣ್ಣ ಕಾರುಗಳಿಗೆ 1.25 ಇಂಚು, ಬಹುಪಾಲು ಪಿಕಪ್‌ಗಳಿಗೆ 2 ಇಂಚು, ಭಾರಿ ಟ್ರಕ್ಕುಗಳಿಗೆ 2.5 ಅಥವಾ 3 ಇಂಚು. ಈ ಅಳತೆ ಕೊಳವೆಯ ಒಳಬಾಯಿಯದು, ಹೊರಮೈಯದಲ್ಲ. 2 ಇಂಚಿನ ರಿಸೀವರಿನ ಗೋಡೆ ಸುಮಾರು ಕಾಲು ಇಂಚು ದಪ್ಪ ಇರುವುದರಿಂದ ಹೊರಗಿನಿಂದ ಟೇಪು ಹಿಡಿದರೆ 2.5 ಎಂದೇ ತೋರುತ್ತದೆ. ಹೀಗೆ ಹೊರಗಿನಿಂದ ಅಳೆದು ತಪ್ಪು ಸಾಮಾನು ತರಿಸಿಕೊಂಡ ಇಬ್ಬರನ್ನು ಬಲ್ಲೆ. ಟೇಪನ್ನು ಬಾಯಿಯ ಒಳಗೆ, ಗೋಡೆಯಿಂದ ಗೋಡೆಗೆ ಹಿಡಿಯಬೇಕು.

ನನ್ನ ಹೆಂಡತಿಯ ತಮ್ಮ ವೆಲ್ಡಿಂಗ್ ಬಲ್ಲವನು. ಟ್ರಕ್ ನೋಡಲು ಬಂದವನು ಈ ಸಂದಿಯನ್ನು ನೋಡಿ ನಕ್ಕ. “ಭಾವ, ಇದಕ್ಕೂ ದುಡ್ಡು ಕೊಡುತ್ತೀರಾ? ಎರಡೂವರೆ ಇಂಚಿನ ಚೌಕ ಪೈಪು ನನ್ನ ಹತ್ತಿರವೇ ಬಿದ್ದಿದೆ. ಗೋಡೆ ಕಾಲು ಇಂಚು. ಎರಡು ಕಡೆ ಕಳೆದರೆ ಒಳಗೆ ಸರಿಯಾಗಿ ಎರಡು ಇಂಚು ಉಳಿಯಿತಲ್ಲ. ಒಂದು ಗೇಣು ಕತ್ತರಿಸಿದರೆ ಮುಗಿಯಿತು” ಎಂದ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಮರುದಿನ ಪೈಪಿನ ತುಂಡು ತಂದ. ರಿಸೀವರಿನೊಳಗೆ ಅದು ಕಷ್ಟಪಟ್ಟಾದರೂ ಹೋಯಿತು. ಅದರೊಳಗೆ ಬಾಲ್ ಮೌಂಟಿನ ಶ್ಯಾಂಕ್, ಅಂದರೆ ರಿಸೀವರಿಗೆ ತೂರಿಸುವ ಚೌಕ ದಂಡ, ಮಾತ್ರ ಅರ್ಧ ಇಂಚು ಹೋಗಿ ನಿಂತುಬಿಟ್ಟಿತು.

ಬೆರಳಿಟ್ಟು ನೋಡಿದರೆ ಒಳಗಿನ ಒಂದು ಗೋಡೆಯ ಉದ್ದಕ್ಕೂ ದಾರದಂತಹ ಏಣು. ಇಂಥ ಪೈಪುಗಳನ್ನು ತಗಡು ಮಡಿಸಿ, ಅಂಚುಗಳನ್ನು ಬೆಸೆದು ಮಾಡುತ್ತಾರೆ. ಹೊರಗಿನ ಬೆಸುಗೆಯನ್ನು ಹೆರೆದು ಸಮ ಮಾಡುತ್ತಾರೆ, ಒಳಗಿನದನ್ನು ಯಾರೂ ನೋಡುವುದಿಲ್ಲವೆಂದು ಹಾಗೆಯೇ ಬಿಡುತ್ತಾರೆ. ರಿಸೀವರಿಗೆಂದೇ ತಯಾರಾಗುವ ಕೊಳವೆಯಲ್ಲಿ ಆ ಏಣನ್ನು ತೆಗೆದಿರುತ್ತಾರೆ. ಅವನು ಅರ ಹಿಡಿದು ಅರ್ಧ ದಿನ ಉಜ್ಜಿದ. ಅರ ಮುಟ್ಟಿದ ನಾಲ್ಕು ಇಂಚು ಸಮವಾಯಿತು, ಅದರಾಚೆ ಕೈ ಹೋಗಲಿಲ್ಲ. ಎಲ್ಲವನ್ನೂ ಅಡ್ಡಲಾಗಿ ಹಿಡಿದಿಡುವ ಪಿನ್ನಿನ ತೂತುಗಳನ್ನು ಕೈ ಡ್ರಿಲ್ಲಿನಿಂದ ಹೊಡೆದದ್ದು ಇನ್ನೊಂದು ಎಡವಟ್ಟು: ಎಡಗಡೆಯದು ಬಲಗಡೆಯದಕ್ಕಿಂತ 2 ಮಿ.ಮೀ. ಹಿಂದೆ ಬಂತು. ಎರಡು ಟನ್ನಿಗೂ ಮೀರಿದ ಭಾರವನ್ನು ಓರೆಯಾಗಿ ಕೂತ ಪಿನ್ನಿನ ಮೇಲೆ ನಂಬಿ ಹೆದ್ದಾರಿಗೆ ಇಳಿಯುವಷ್ಟು ಧೈರ್ಯ ನನಗಿಲ್ಲ. ಆ ತುಂಡು ಈಗಲೂ ಅವನ ಶೆಡ್ಡಿನ ಬಾಗಿಲು ಗಾಳಿಗೆ ಬಡಿಯದಂತೆ ತಡೆದು ನಿಂತಿದೆ.

ಕೊನೆಗೆ ಕೊಂಡದ್ದು ಸಿದ್ಧವಾಗಿ ಸಿಗುವ ರಿಡ್ಯೂಸರ್ ಸ್ಲೀವ್, ಅಂದರೆ ದೊಡ್ಡ ಬಾಯಿಗೆ ತೊಡಿಸುವ ಒಳತೋಳು. ಇದರ ಹೊರತುದಿಯಲ್ಲಿ ಕಾಲರಿನಂತೆ ಒಂದು ಅಂಚು ಇರುತ್ತದೆ. ತೋಳು ಪೂರ್ತಿ ಒಳಗೆ ಜಾರಿ ಕೈಗೆ ಸಿಗದಂತೆ ಆಗುವುದನ್ನು ಅದು ತಡೆಯುತ್ತದೆ, ತೂತುಗಳು ರಿಸೀವರಿನ ತೂತಿಗೆ ನೇರ ಬರುವ ಜಾಗದಲ್ಲಿ ನಿಲ್ಲಿಸುತ್ತದೆ. ಅಂಚಿಲ್ಲದ ತೋಳುಗಳೂ ಸಿಗುತ್ತವೆ. ಅವನ್ನು ಹಾಕುವಾಗ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಹಿಡಿದು ಮೂರು ತೂತುಗಳನ್ನು ಒಂದು ಗೆರೆಗೆ ತರುವ ಸರ್ಕಸ್ಸು ಮಾಡಬೇಕಾಗುತ್ತದೆ.

ತೋಳು ಕೂತಿತು, ಬಾಲ್ ಮೌಂಟ್ ಕೂತಿತು, ಪಿನ್ ಈ ಕಡೆಯಿಂದ ಆ ಕಡೆಗೆ ಸಲೀಸಾಗಿ ಹೋಯಿತು. 2 ಇಂಚಿನದಕ್ಕೂ 2.5 ಇಂಚಿನದಕ್ಕೂ ಪಿನ್ನಿನ ದಪ್ಪ ಒಂದೇ, 5/8 ಇಂಚು. ಹಾಗಾಗಿ ಹಳೆಯ ಪಿನ್ ಸಾಕೆಂದುಕೊಂಡಿದ್ದೆ. ಕ್ಲಿಪ್ ಹಾಕಲು ಬಗ್ಗಿದಾಗ ತಿಳಿಯಿತು: ಪಿನ್ನಿನ ತುದಿ ಆಚೆ ಬದಿಯಲ್ಲಿ ಕೇವಲ ಮೂತಿ ತೋರಿಸುತ್ತಿದೆ, ಕ್ಲಿಪ್ಪಿನ ತೂತು ಇನ್ನೂ ರಿಸೀವರಿನ ಗೋಡೆಯೊಳಗೇ ಇದೆ. ಹೊಸ ರಿಸೀವರ್ ಅರ್ಧ ಇಂಚು ಅಗಲವಾಗಿದ್ದರೆ ಪಿನ್ ಕೂಡ ಅಷ್ಟು ಉದ್ದವಾಗಿರಬೇಕಲ್ಲ! ಕ್ಲಿಪ್ಪಿಲ್ಲದ ಪಿನ್ ಎಂದರೆ ಕಡೆಗೀಲಿಲ್ಲದ ಗಾಡಿಚಕ್ರ. ಆ ದಿನದ ಕೆಲಸ ಅಲ್ಲಿಗೇ ನಿಂತಿತು. ಉದ್ದ ಪಿನ್ ಬರುವವರೆಗೆ ಕಾಯುತ್ತಾ ಕ್ಯಾಲಿಪರ್ ಹಿಡಿದು ಕೂತೆ. ಅದು ಒಳ್ಳೆಯದೇ ಆಯಿತು.

ರಿಸೀವರಿನ ಒಳಬಾಯಿ 64.5 ಮಿ.ಮೀ. ಇತ್ತು, ತೋಳಿನ ಹೊರಮೈ 62.9. ತೋಳಿನ ಒಳಬಾಯಿ 51.6, ನನ್ನ ಶ್ಯಾಂಕ್ 50.5. ಅಂದರೆ ಹೊರಗೆ 1.6, ಒಳಗೆ 1.1, ಒಟ್ಟು 2.7 ಮಿ.ಮೀ. ಸಡಿಲು. ಸರಿಯಾದ ಅಳತೆಯ ಶ್ಯಾಂಕ್ ಆಗಿದ್ದರೆ ಒಂದೇ ಸಂದಿ ಇರುತ್ತಿತ್ತು, ಈಗ ಎರಡು. ಕಾಗದದ ಮೇಲೆ 2.7 ಮಿ.ಮೀ. ಏನೂ ಅಲ್ಲ. ಶ್ಯಾಂಕ್ ಒಳಗೆ ಕೂತಿರುವುದು ಸುಮಾರು 18 ಸೆಂ.ಮೀ., ಬಾಲ್ ಹೊರಗೆ ನಿಂತಿರುವುದು 25 ಸೆಂ.ಮೀ. ದೂರದಲ್ಲಿ. ಸನ್ನೆಕೋಲಿನ ಲೆಕ್ಕದಲ್ಲಿ ಬಾಲಿನ ಬಳಿ ಅದು ಸುಮಾರು 4 ಮಿ.ಮೀ. ಆಗುತ್ತದೆ. ಬಾಲನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದರೆ ಕೈಗೇ ತಿಳಿಯುತ್ತಿತ್ತು, ಕಿವಿಗೂ. 3 ಇಂಚಿನ ಬಾಯಿಗೆ 2.5ರ ತೋಳು, ಅದರೊಳಗೆ 2ರ ತೋಳು ಎಂದು ಒಂದರೊಳಗೊಂದು ಹೊಂದಿಸುವವರಿದ್ದಾರೆ. ಅಲ್ಲಿ ಸಂದಿ ಮೂರಾಗುತ್ತದೆ. ನಾನಂತೂ ಅದನ್ನು ಸೈಕಲ್ ಕ್ಯಾರಿಯರಿಗಿಂತ ಭಾರದ್ದಕ್ಕೆ ಬಳಸುವವನಲ್ಲ.

ಉದ್ದ ಪಿನ್ ಬಂದ ಮೇಲೆ ಟ್ರೇಲರಿನ ಮುಂದೆ ಟ್ರಕ್ ನಿಲ್ಲಿಸಿ ನೋಡಿದಾಗ ಇನ್ನೊಂದು ತಲೆನೋವು ಎದುರಾಯಿತು. ನಿಜ ಹೇಳಬೇಕೆಂದರೆ ಬಾಯಿಯ ಅಗಲಕ್ಕಿಂತ ಇದೇ ದೊಡ್ಡದು. ಹೊಸ ಟ್ರಕ್ ಎತ್ತರ. ಬಾಲ್ ಟ್ರೇಲರಿನ ಕಪ್ಲರಿಗಿಂತ ಒಂದು ಗೇಣಿನಷ್ಟೇ ಅಲ್ಲದಿದ್ದರೂ ಅರ್ಧ ಗೇಣು ಮೇಲಿತ್ತು. ಹಾಗೆಯೇ ಸಿಕ್ಕಿಸಿದರೆ ಟ್ರೇಲರ್ ಮೂತಿ ಎತ್ತಿ ನಿಲ್ಲುತ್ತದೆ. ಎರಡು ಆಕ್ಸಲಿನ ಟ್ರೇಲರಾದರೆ ಭಾರವೆಲ್ಲ ಹಿಂದಿನ ಆಕ್ಸಲಿಗೆ ಹೋಗುತ್ತದೆ, ಬಾಲಿನ ಮೇಲೆ ಊರುವ ಭಾರ ಕಡಿಮೆಯಾಗುತ್ತದೆ, ಆಮೇಲೆ ವೇಗದಲ್ಲಿ ಬಾಲ ಬೀಸುವುದು ಶುರುವಾಗುತ್ತದೆ.

ಅಳೆಯುವುದು ಸುಲಭ. ಸಮತಟ್ಟಾದ ನೆಲದಲ್ಲಿ ಟ್ರೇಲರನ್ನು ಜ್ಯಾಕಿನಿಂದ ಎತ್ತಿ ಇಳಿಸಿ ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡಿದೆ. ಆ ಸ್ಥಿತಿಯಲ್ಲಿ ನೆಲದಿಂದ ಕಪ್ಲರಿನ ಕೆಳಅಂಚಿಗೆ 17 ಇಂಚು. ನೆಲದಿಂದ ರಿಸೀವರಿನ ಒಳಗಿನ ಮೇಲ್ಗೋಡೆಗೆ ಹಳೆಯ ಟ್ರಕ್ಕಿನಲ್ಲಿ 19 ಇಂಚು ಇತ್ತು, ಹೊಸದರಲ್ಲಿ 23. ಎರಡರ ವ್ಯತ್ಯಾಸವೇ ಬಾಲ್ ಮೌಂಟ್ ಎಷ್ಟು ಇಳಿಜಾರಿರಬೇಕು, ಅಂದರೆ ಬಾಲನ್ನು ಎಷ್ಟು ಕೆಳಗೆ ಇಳಿಸಬೇಕು ಎಂಬುದಕ್ಕೆ ಉತ್ತರ. ಹಳೆಯದಕ್ಕೆ 2 ಇಂಚು ಸಾಕಾಗಿತ್ತು, ಹೊಸದಕ್ಕೆ 6 ಇಂಚು ಬೇಕು. ತೋಳಿಗೆ ದುಡ್ಡು ಕೊಟ್ಟು ಉಳಿಸಿಕೊಳ್ಳಲು ಹೊರಟಿದ್ದ ಆ ಪ್ರೀತಿಯ ಬಾಲ್ ಮೌಂಟ್ ಹೇಗಿದ್ದರೂ ಈ ಟ್ರೇಲರಿಗೆ ಬರುತ್ತಲೇ ಇರಲಿಲ್ಲ. ಈ ಟೇಪನ್ನು ಮೊದಲನೆಯ ದಿನವೇ ಹಿಡಿದಿದ್ದರೆ ಅರ ಉಜ್ಜಿದ ಅರ್ಧ ದಿನವೂ ಉಳಿಯುತ್ತಿತ್ತು, ಭಾವನ ಮುಂದೆ ಅವನ ಮಾನವೂ ಉಳಿಯುತ್ತಿತ್ತು.

ಭಾವಮೈದುನನ ಬಳಿ 6 ಇಂಚು ಇಳಿಜಾರಿನ ಬಾಲ್ ಮೌಂಟೊಂದು ಇತ್ತು, ಅದೂ 2 ಇಂಚಿನ ಶ್ಯಾಂಕಿನದೇ. ಕೆಲವು ದಿನದ ಮಟ್ಟಿಗೆ ತಂದು ತೋಳಿಗೆ ಹಾಕಿದೆ. ಇಲ್ಲಿ ಅವಸರ ಮಾಡದೆ ಎಲ್ಲ ತುಂಡುಗಳ ಮೇಲೆ ಅಚ್ಚೊತ್ತಿದ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ರಿಸೀವರ್ 15,000 ಪೌಂಡ್, ಬಾಲ್ ಮೌಂಟ್ 7,500, ಬಾಲ್ 8,000, ಹೀಗೆ. ತೋಳಿನ ಮೇಲೂ ಒಂದು ಅಂಕಿ ಇರುತ್ತದೆ, ಚೀಟಿ ಹರಿದುಹೋಗುವ ಮೊದಲು ಓದಿಕೊಳ್ಳಬೇಕು. ಇವುಗಳಲ್ಲಿ ಅತಿ ಕಡಿಮೆ ಯಾವುದೋ ಅದೇ ಇಡೀ ಜೋಡಣೆಯ ಮಿತಿ. ರಿಸೀವರ್ 15,000ದ್ದು ಎಂದ ಮಾತ್ರಕ್ಕೆ ನನ್ನ ಹಿಚ್ಚಿನ ಶಕ್ತಿ ಏರಲಿಲ್ಲ. ಅದು 7,500 ಪೌಂಡಿನಲ್ಲೇ, ಅಂದರೆ ಸುಮಾರು 3,400 ಕೆ.ಜಿ.ಯಲ್ಲೇ ನಿಂತಿತು.

ಆಮೇಲೆ ಮೂಕಿಯ ಭಾರ. ಎತ್ತಿನ ಗಾಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹೇರು ಮುಂದಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂದಾದರೆ ಮೂಕಿ ಮೇಲೇಳುತ್ತದೆ. ಇಲ್ಲಿಯೂ ಅದೇ. ಹೇರು ಸಮೇತ ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಬಾಲಿನ ಮೇಲೆ ಊರಬೇಕು. ನನ್ನದು ಹೇರಿದಾಗ 2,600 ಕೆ.ಜಿ. ತೂಗುತ್ತದೆ. ಅಷ್ಟು ಮೂಕಿಭಾರವನ್ನು ಮನೆಯಲ್ಲಿ ಮೈತೂಕ ನೋಡುವ ಯಂತ್ರ ತಡೆಯುವುದಿಲ್ಲ, ಆದರೆ ಅದಕ್ಕೊಂದು ಉಪಾಯವಿದೆ. ಗಟ್ಟಿ ತೊಲೆಯೊಂದರ ಒಂದು ತುದಿಯನ್ನು ಇಟ್ಟಿಗೆಯ ಮೇಲೆ, ಇನ್ನೊಂದು ತುದಿಯನ್ನು ತೂಕದ ಯಂತ್ರದ ಮೇಲೆ ಇಟ್ಟೆ, ನಡುವೆ ಮೂರು ಅಡಿ. ಟ್ರೇಲರಿನ ಮೂತಿಯನ್ನು ಇಟ್ಟಿಗೆಯಿಂದ ಒಂದು ಅಡಿ, ಯಂತ್ರದಿಂದ ಎರಡು ಅಡಿ ದೂರದಲ್ಲಿ ತೊಲೆಯ ಮೇಲೆ ಇಳಿಸಿದೆ. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟೇ ಇಳಿಸಬೇಕು. ತೊಲೆಯ ಸ್ವಂತ ಭಾರ ಕಳೆದರೆ ಯಂತ್ರ 102 ತೋರಿಸಿತು. ಮೂರರಿಂದ ಗುಣಿಸಿದರೆ 306 ಕೆ.ಜಿ., ಶೇ. 12ಕ್ಕೆ ಹತ್ತಿರ. ಹೇರನ್ನು ಹಿಂದೆ ಮುಂದೆ ಸರಿಸುವ ಕೆಲಸ ತಪ್ಪಿತು.

ಸುರಕ್ಷತೆಯ ಸರಪಳಿಗಳನ್ನು ಕಪ್ಲರಿನ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ, ಟ್ರಕ್ಕಿಗೇ ಸೇರಿದ ರಿಸೀವರಿನ ಕಿವಿಗಳಿಗೆ ಕೊಂಡಿ ಹಾಕಿದೆ. ಪಿನ್ ಕಳಚಿ ತೋಳು, ಬಾಲ್ ಮೌಂಟ್ ಎರಡೂ ಹೊರಗೆ ಬಂದರೂ ಸರಪಳಿ ಟ್ರಕ್ಕಿನಲ್ಲೇ ಉಳಿಯಬೇಕು, ಅಡ್ಡ ಹಾಯ್ದ ಸರಪಳಿ ಮೂತಿಯನ್ನು ನೆಲಕ್ಕೆ ಬೀಳದಂತೆ ತೊಟ್ಟಿಲಿನ ಹಾಗೆ ಹಿಡಿಯಬೇಕು.

ಮೊದಲ ಓಡಾಟದಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಹಿಂದಿನಿಂದ ‘ಠಣ್’. ಹೊರಡುವಾಗ ಮತ್ತೊಂದು ‘ಠಣ್’. ಮೊದಲ ಹತ್ತು ಕಿಲೋಮೀಟರು ಕೇಳಿಸಿಕೊಂಡು ಪಕ್ಕಕ್ಕೆ ನಿಲ್ಲಿಸಿದೆ. ಮುರಿದದ್ದು ಏನೂ ಇರಲಿಲ್ಲ, ಸಡಿಲು ತನ್ನ ಇರವನ್ನು ಸಾರುತ್ತಿತ್ತು ಅಷ್ಟೇ. ಇದಕ್ಕೆ ಯು ಆಕಾರದ ಬೋಲ್ಟಿನ ಬಿಗಿಪಟ್ಟಿ ಸಿಗುತ್ತದೆ. ಶ್ಯಾಂಕನ್ನು ರಿಸೀವರಿನ ಅಂಚಿಗೆ ಎಳೆದು ಹಿಡಿಯುತ್ತದೆ. ಹಾಕಿದ ಮೇಲೆ ಸದ್ದು ಮುಕ್ಕಾಲು ಪಾಲು ಹೋಯಿತು. ಆದರೆ ಬಿಗಿಪಟ್ಟಿ ಹಿಡಿಯುವುದು ಬಾಯಿಯ ಬಳಿ ಮಾತ್ರ, ಒಳತುದಿ ಕದಲುತ್ತಲೇ ಇರುತ್ತದೆ. 200 ಕಿಲೋಮೀಟರಿನ ನಂತರ ಎಲ್ಲವನ್ನೂ ಹೊರಗೆಳೆದು ನೋಡಿದೆ. ತೋಳಿನ ಮೇಲ್ಭಾಗದ ಹೊರ ಅಂಚಿನಲ್ಲೂ ಒಳತುದಿಯ ಕೆಳಗೂ, ಅಂದರೆ ಓರೆಯಾಗಿ ಎದುರುಬದುರು, ಕಪ್ಪು ಬಣ್ಣ ಸವೆದು ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಮೂಕಿಭಾರಕ್ಕೆ ಬಾಲ್ ಕೆಳಗೆ ಬಾಗಬೇಕಿತ್ತಲ್ಲ, ಹಾಗಾದರೆ ಸವೆತ ಬಾಯಿಯ ಕೆಳಗೂ ಒಳತುದಿಯ ಮೇಲೂ ಇರಬೇಕಿತ್ತು. ಎರಡು ನಿಮಿಷ ತಲೆ ಕೆರೆದುಕೊಂಡೆ. ಕೈಯಲ್ಲಿ ತೋಳನ್ನು ತಲೆಕೆಳಗಾಗಿ ಹಿಡಿದಿದ್ದೆ.

ಮಳೆಗಾಲ ಕಳೆದಾಗ ತೋಳು ರಿಸೀವರಿನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎರಡು ಸಂದಿ ಎಂದರೆ ನೀರು ನಿಲ್ಲಲು ಎರಡು ಜಾಗ. ತುಕ್ಕು ಬಿಡಿಸುವ ಎಣ್ಣೆ ಎರೆದು ಒಂದು ರಾತ್ರಿ ಬಿಟ್ಟು, ಮರದ ತುಂಡು ಅಡ್ಡ ಹಿಡಿದು ಕಾಲರಿನ ಎರಡೂ ಬದಿಗೆ ಸರದಿಯಂತೆ ಸುತ್ತಿಗೆಯಿಂದ ತಟ್ಟಿ ತೆಗೆದೆ. ಅಂದಿನಿಂದ ತೆಳುವಾಗಿ ಗ್ರೀಸ್ ಸವರದೆ ಯಾವುದನ್ನೂ ಒಳಗೆ ಹಾಕುವುದಿಲ್ಲ, ಟ್ರೇಲರ್ ಬಿಚ್ಚಿದ ಮೇಲೆ ತೋಳನ್ನು ಅಲ್ಲೇ ಬಿಡುವುದೂ ಇಲ್ಲ.

ಭಾರಿ ಟ್ರೇಲರಿಗೆ 2.5 ಇಂಚಿನ ಶ್ಯಾಂಕಿನ, 6 ಇಂಚು ಇಳಿಜಾರಿನ ಬಾಲ್ ಮೌಂಟನ್ನೇ ಕೊಂಡೆ. ಬಾಲ್ ಹಳೆಯದೇ. ಕೊಳ್ಳುವ ಮುನ್ನ ಬಾಲಿನ ಅಡಿಯ ಶ್ಯಾಂಕ್ (ಮೌಂಟಿನ ತೂತಿಗೆ ಇಳಿಯುವ ಬೋಲ್ಟಿನಂಥ ಭಾಗ) 1 ಇಂಚಿನದು, ಹೊಸ ಮೌಂಟಿನ ತೂತು 1.25 ಇಂಚಿನದು ಎಂಬುದನ್ನು ನೋಡಿಕೊಂಡು ಆ ಸಂದಿ ತುಂಬುವ ಸರಿಯಾದ ಬುಷ್ ಸಹಿತ ತರಿಸಿದೆ. ನಟ್ಟನ್ನು ಟಾರ್ಕ್ ರೆಂಚಿನಿಂದ ಬಾಲ್ ತಯಾರಕರು ಹೇಳಿದ 250 ಅಡಿ-ಪೌಂಡಿಗೆ ಬಿಗಿದೆ. ಠಣ್ ಎನ್ನುವುದು ಈಗ ಟಕ್ ಎನ್ನುವಷ್ಟಕ್ಕೆ ಇಳಿದಿದೆ. ಬಾಲಿನ ಗಾತ್ರವನ್ನು ಮಾತ್ರ ಯಾರೂ ಕಣ್ಣಳತೆಗೆ ಬಿಡಬೇಡಿ: 2 ಇಂಚಿನ ಬಾಲ್ 2 5/16 ಇಂಚಿನ ಕಪ್ಲರಿನೊಳಗೆ ಚೆನ್ನಾಗಿ ಕೂತಂತೆಯೇ ಕಾಣುತ್ತದೆ, ರಸ್ತೆಯ ಉಬ್ಬು ಸಿಕ್ಕಾಗ ಎದ್ದು ಬರುತ್ತದೆ.

ತೋಳು ಸೈಕಲ್ ಕ್ಯಾರಿಯರಿಗೆ ಕೆಲಸಕ್ಕೆ ಬರುತ್ತಿದೆ. ಅದನ್ನು ನೋಡಿ ಭಾವಮೈದುನ ಮೊನ್ನೆ, “ಭಾವ, ನನ್ನ ಕಾರಿನದು ಒಂದೂಕಾಲು ಇಂಚಿನ ಬಾಯಿ. ಅದನ್ನು ಎರಡಕ್ಕೆ ಹಿಗ್ಗಿಸುವ ಅಡಾಪ್ಟರ್ ಹಾಕಿ ನಿಮ್ಮ ಹಳೆಯ ಬಾಲ್ ಮೌಂಟ್ ಸಿಕ್ಕಿಸಿದರೆ ಸಣ್ಣ ಟ್ರೇಲರ್ ಎಳೆಯಬಹುದಲ್ಲವೇ?” ಎಂದು ಕೇಳಿದ. ಅಡಾಪ್ಟರ್ ಬಾಯಿಯನ್ನು ಹಿಗ್ಗಿಸುತ್ತದೆಯೇ ಹೊರತು ಕಾರಿನ ಚೌಕಟ್ಟನ್ನಲ್ಲ, ಮೇಲಾಗಿ ಬಾಲನ್ನು ಇನ್ನಷ್ಟು ಹಿಂದಕ್ಕೆ ತಳ್ಳಿ ಸನ್ನೆಯನ್ನು ಉದ್ದ ಮಾಡುತ್ತದೆ ಎಂದು ವಿವರಿಸಿದೆ. ಅಂಥವುಗಳಲ್ಲಿ ಹಲವದರ ಮೇಲೆ ‘ಟ್ರೇಲರ್ ಎಳೆಯಲು ಅಲ್ಲ’ ಎಂದೇ ಬರೆದಿರುತ್ತದೆ. ಒಪ್ಪಿದನೋ ಇಲ್ಲವೋ ತಿಳಿಯದು. ಹೋಗುವಾಗ ಹಳೆಯ ಬಾಲ್ ಮೌಂಟನ್ನು ಕೇಳಿದ. ಕೊಡಲಿಲ್ಲ.