ವಾರ್ಷಿಕೋತ್ಸವ: ಪುಟಾಣಿಗಳ ಸರದಿ ಮೊದಲು ಇರಲಿ
ಶಾಲೆಯ ವಾರ್ಷಿಕೋತ್ಸವಕ್ಕೆ ತಯಾರಿ ನಡೆಸುತ್ತಿರುವವರು ದಯವಿಟ್ಟು ಒಂದು, ಎರಡನೇ ತರಗತಿ ಮಕ್ಕಳ ನೃತ್ಯವನ್ನು ಮೊದಲ ಅರ್ಧ ಗಂಟೆಯೊಳಗೇ ಮುಗಿಸಿ. ಭಾಷಣಗಳಾದ ಮೇಲೆ ಇಟ್ಟರೆ, ವೇಷ ತೊಟ್ಟು ಕಾದ ಪುಟಾಣಿಗಳು ಹಸಿವು, ನಿದ್ದೆಯಿಂದ ಅಳುತ್ತಾರೆ, ಪಾಪ.

ಹಾಡು 3 ನಿಮಿಷ ಮೀರುವುದು ಬೇಡ. ಪ್ರತಿ ಮಗು ನಿಲ್ಲುವ ಜಾಗಕ್ಕೆ ಬಣ್ಣದ ಟೇಪಿನಿಂದ ಗುಣಾಕಾರದ ಗುರುತು ಅಂಟಿಸಿ. ಎರಡೂ ಕೈ ಚಾಚಿದರೂ ಪಕ್ಕದವರಿಗೆ ತಾಗದಷ್ಟು ಅಂತರವಿರಲಿ. ಗುರುತಿಲ್ಲದಿದ್ದರೆ ಎಲ್ಲರೂ ಮೆಲ್ಲಗೆ ನಡುವಿಗೆ ಸರಿದು ಒಬ್ಬರ ಹಿಂದೆ ಒಬ್ಬರು ಮರೆಯಾಗುತ್ತಾರೆ. ಈ ಟೇಪಿನ ಮೇಲೆಯೇ ಕನಿಷ್ಠ ಎರಡು ಸಲ ಅಭ್ಯಾಸ ಮಾಡಿಸಿ.

ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿ, ಫೋನನ್ನು ವೈರ್‌ನಿಂದ ಸ್ಪೀಕರಿಗೆ ಜೋಡಿಸಿ, ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುವೆ ಕರೆ ಬಂದರೆ ಹಾಡು ನಿಲ್ಲುತ್ತದೆ, ಮಕ್ಕಳೂ ನಿಂತುಬಿಡುತ್ತಾರೆ.

ಪ್ರಮಾಣಪತ್ರದ ಹೆಸರುಗಳನ್ನು ಮುದ್ರಣಕ್ಕೆ ಮುಂಚೆ ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿ.