ಜರ್ಮನಿಯಲ್ಲಿ ಓ ಪೇರ್: ನಾನು ಹೋದ ದಾರಿ

ಬೇರೆ ದೇಶದ ಒಂದು ಮನೆಯಲ್ಲಿ ಇದ್ದುಕೊಂಡು, ಅವರ ಮಕ್ಕಳನ್ನು ನೋಡಿಕೊಳ್ಳುತ್ತಾ ಅಲ್ಲಿನ ಭಾಷೆ ಕಲಿಯುವ ಯುವಜನರಿಗೆ ಓ ಪೇರ್ ಅನ್ನುತ್ತಾರೆ. ಜರ್ಮನಿಯಲ್ಲಿ ಓ ಪೇರ್ ಆದವರ ಕೈಗೆ ತಿಂಗಳಿಗೆ ಸಿಗುವುದು 280 ಯೂರೋ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಹತ್ತಿರ ವಿಚಾರಿಸುವವರ ಮೊದಲ ಪ್ರಶ್ನೆ ಯಾವಾಗಲೂ ಸಂಬಳದ್ದೇ. ಇದು ಸಂಬಳ ಅಲ್ಲ, ಕೈಖರ್ಚಿನ ಹಣ. ಕೋಣೆ, ಊಟ, ವಿಮೆ ಎಲ್ಲ ಆ ಮನೆಯವರ ಲೆಕ್ಕಕ್ಕೆ. ಜೊತೆಗೆ ಭಾಷೆಯ ಕ್ಲಾಸಿಗೆ ಅಂತ ತಿಂಗಳಿಗೆ 70 ಯೂರೋ ಕೊಡುತ್ತಾರೆ. ವಿಮಾನದ ಟಿಕೆಟ್ ಸಾಮಾನ್ಯವಾಗಿ ನಮ್ಮದೇ. ಊರಿಗೆ ದುಡ್ಡು ಕಳಿಸಬೇಕು, ಸಾಲ ತೀರಿಸಬೇಕು ಅಂತಿರುವವರು ಬೇರೆ ದಾರಿ ನೋಡಿಕೊಳ್ಳುವುದು ಒಳ್ಳೆಯದು. ಜರ್ಮನ್ ಕಲಿಯಬೇಕು, ಮಕ್ಕಳೆಂದರೆ ಇಷ್ಟ, ಒಂದು ವರ್ಷ ಬೇರೆಯವರ ಮನೆಯಲ್ಲಿ ಇರಲು ಬೇಜಾರಿಲ್ಲ ಅನ್ನುವವರು ಮುಂದೆ ಓದಿ.

ಓ ಪೇರ್ ಆದವರು ಆ ಮನೆಗೆ ನೆಂಟರೂ ಅಲ್ಲ, ಕೆಲಸದವರೂ ಅಲ್ಲ. ಜಗಳಗಳೆಲ್ಲ ಹುಟ್ಟುವುದು ಈ ನಡುವಿನ ಜಾಗದಲ್ಲೇ. 1969ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಆದ ಯುರೋಪಿನ ಓ ಪೇರ್ ಒಪ್ಪಂದ ಕೂಡ ಇವರು ವಿದ್ಯಾರ್ಥಿಗಳೂ ಅಲ್ಲ, ಕಾರ್ಮಿಕರೂ ಅಲ್ಲ, ಬೇರೆಯದೇ ಒಂದು ಗುಂಪು ಅಂತಲೇ ಶುರುವಾಗುತ್ತದೆ. ಕಡಿಮೆ ಖರ್ಚಿನ ಮನೆಗೆಲಸಕ್ಕೆ ಇದನ್ನು ಬಳಸಿಕೊಳ್ಳುತ್ತಾರೆ ಅನ್ನುವ ದೂರು ಹೆಚ್ಚಾಗಿ ನಾರ್ವೆ 2024ರಲ್ಲಿ ಹೊಸಬರಿಗೆ ಬಾಗಿಲನ್ನೇ ಮುಚ್ಚಿತು. ಅಮೆರಿಕದಲ್ಲಿ ವಾರಕ್ಕೆ 45 ಗಂಟೆಯವರೆಗೆ ಮಕ್ಕಳನ್ನು ನೋಡಿಕೊಳ್ಳಬೇಕಾಗಬಹುದು. ಜರ್ಮನಿಯಲ್ಲಿ ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆ, ಅದಕ್ಕಿಂತ ಜಾಸ್ತಿ ಇಲ್ಲ. ವಾರಕ್ಕೆ ಒಂದೂವರೆ ದಿನ ರಜೆ, ನಾಲ್ಕು ಸಂಜೆ ಬಿಡುವು, ತಿಂಗಳಿಗೆ ಒಂದು ಭಾನುವಾರವಾದರೂ ಪೂರ್ತಿ ನಮ್ಮದು. ನಾನು ಜರ್ಮನಿ ಆರಿಸಿಕೊಂಡಿದ್ದಕ್ಕೆ ಈ ಗಂಟೆಗಳೇ ದೊಡ್ಡ ಕಾರಣ.

ವಯಸ್ಸು 18 ತುಂಬಿರಬೇಕು, ವೀಸಾಗೆ ಅರ್ಜಿ ಹಾಕುವಾಗ 27 ತುಂಬಿರಬಾರದು. ಜರ್ಮನ್ ಎ1 ಮಟ್ಟದಷ್ಟಾದರೂ ಬರಬೇಕು. ಎ1 ಅಂದರೆ ತೀರಾ ಆರಂಭದ ಮಟ್ಟ, ಅಲ್ಲಿಂದ ಎ2, ಬಿ1, ಬಿ2 ಅಂತ ಮೇಲೇರುತ್ತದೆ. ನಾನು ಜರ್ಮನ್ ಕಲಿಸುವ ಗೊಯಟೆ ಸಂಸ್ಥೆಯ ಪರೀಕ್ಷೆ ಬರೆದೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ, 100ಕ್ಕೆ 60 ಬಂದರೆ ಪಾಸು. ಮಾತಿನ ಭಾಗದಲ್ಲಿ ಹೆಚ್ಚೆಂದರೆ ನಾಲ್ಕು ಜನರನ್ನು ಒಟ್ಟಿಗೆ ಕೂರಿಸುತ್ತಾರೆ. ನಿಮ್ಮ ಪರಿಚಯ ಹೇಳಿ, ಹೆಸರಿನ ಅಕ್ಷರ ಬಿಡಿಸಿ ಹೇಳಿ, ಚೀಟಿ ನೋಡಿ ಪಕ್ಕದವರಿಗೆ ಪ್ರಶ್ನೆ ಕೇಳಿ, ಇಂಥವೇ. ಕಷ್ಟವೇನಿಲ್ಲ. ಆದರೆ ಎ1 ಸಾಕಾಗುವುದು ವೀಸಾದವರಿಗೆ, ಮೂರು ವರ್ಷದ ಮಗುವಿಗಲ್ಲ. ಅಳುತ್ತಿರುವ ಮಗು ಏನು ಬೇಕು ಅಂತ ನಿಧಾನವಾಗಿ ಬಿಡಿಸಿ ಹೇಳುತ್ತಾ? ಆಗುವುದಾದರೆ ಎ2 ಮುಗಿಸಿಯೇ ಹೋಗಿ.

ಮನೆ ಹುಡುಕಲು ಎರಡು ದಾರಿ. ಏಜೆನ್ಸಿ ಮೂಲಕ ಹೋಗಬಹುದು, ಇಲ್ಲ ಅಂತರ್ಜಾಲದ ತಾಣಗಳಲ್ಲಿ ನಾವೇ ಹುಡುಕಬಹುದು. ಜರ್ಮನಿಯ ಏಜೆನ್ಸಿಗಳು ಓ ಪೇರ್ ಹತ್ತಿರ 150 ಯೂರೋಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಲಕ್ಷಗಟ್ಟಲೆ ಕೇಳುವ ಮಧ್ಯವರ್ತಿ ಸಿಕ್ಕರೆ ಅಲ್ಲಿಂದಲೇ ಎದ್ದು ಬನ್ನಿ. ತಾಣಗಳಲ್ಲಿ ಮೋಸದವರೂ ಇರುತ್ತಾರೆ. ನನಗೂ ಅಂಥ ಒಂದು ಪತ್ರ ಬಂದಿತ್ತು. ದೊಡ್ಡ ಮನೆಯ ಫೋಟೋ, ತಿಂಗಳಿಗೆ ಎರಡು ಸಾವಿರ ಯೂರೋ ಕೊಡುತ್ತೇವೆ ಅನ್ನುವ ಮಾತು, ಕೊನೆಗೆ ‘ನಮ್ಮ ವಕೀಲರಿಗೆ ವೀಸಾ ಖರ್ಚು ಕಳಿಸಿ’. ನಿಜವಾದ ಮನೆಯವರು ನಮ್ಮಿಂದ ಒಂದು ಪೈಸೆಯನ್ನೂ ಕೇಳುವುದಿಲ್ಲ, ಮಾತುಕತೆ ವಿಡಿಯೋದಲ್ಲೇ ಆಗಲಿ ಅಂತ ಅವರೇ ಒತ್ತಾಯಿಸುತ್ತಾರೆ. ತಮ್ಮ ಮಕ್ಕಳನ್ನು ಒಪ್ಪಿಸುವವರು ಮುಖ ನೋಡದೆ ಇರುತ್ತಾರಾ?

ವಿಡಿಯೋ ಮಾತುಕತೆಗೆ ನಾನು ಪ್ರಶ್ನೆಗಳನ್ನು ಬರೆದಿಟ್ಟುಕೊಂಡೇ ಕೂರುತ್ತಿದ್ದೆ. ಪರೀಕ್ಷೆ ನಡೆಯುವುದು ನಮಗೊಬ್ಬರಿಗೇ ಅಲ್ಲ, ಅವರಿಗೂ ಕೂಡ. ಓ ಪೇರ್ ಯಾಕೆ ಬೇಕು? ಬೆಳಿಗ್ಗೆ ಮಕ್ಕಳನ್ನು ಎಬ್ಬಿಸುವವರು ಯಾರು? ಮಗುವಿಗೆ ಜ್ವರ ಬಂದರೆ ಮನೆಯಲ್ಲಿ ಉಳಿಯುವವರು ಯಾರು? ಕೊನೆಯ ಪ್ರಶ್ನೆ ಮುಖ್ಯ. ಜ್ವರದ ಮಗುವನ್ನು ಶಿಶುವಿಹಾರಕ್ಕೆ ಸೇರಿಸುವುದಿಲ್ಲ. ಅಂಥ ದಿನಗಳಿಗೆ ಅಲ್ಲಿನ ತಂದೆತಾಯಿಗೆ ಕೆಲಸದಿಂದ ರಜೆ ಪಡೆಯುವ ಹಕ್ಕಿದೆ. ಆದರೂ ‘ಓ ಪೇರ್ ಇದ್ದಾರಲ್ಲ’ ಅಂದುಕೊಳ್ಳುವ ಮನೆ ಇದ್ದರೆ, ನಮ್ಮ 6 ಗಂಟೆ ಸುಲಭವಾಗಿ 10 ಆಗುತ್ತದೆ.

ಕೋಣೆ ತೋರಿಸಿ ಅಂತಲೂ ಕೇಳಿದೆ. ಕೇಳಲು ಸಂಕೋಚವೇನೋ ಆಯಿತು. ಆ ಮನೆಯಾಕೆ ಫೋನ್ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಹೋಗಿ ಕಿಟಕಿ, ಮಂಚ, ಹೀಟರ್ ಎಲ್ಲ ತೋರಿಸಿದರು. ನಿಯಮದ ಪ್ರಕಾರ ಕೋಣೆ ನಮಗೇ ಪ್ರತ್ಯೇಕವಾಗಿ ಇರಬೇಕು, ಕಿಟಕಿ ಇರಬೇಕು, 8 ಚದರ ಮೀಟರ್‌ಗಿಂತ ಚಿಕ್ಕದಿರಬಾರದು. ಮಕ್ಕಳ ಕೋಣೆಯಲ್ಲೇ ಇನ್ನೊಂದು ಮಂಚ ಹಾಕಿಕೊಡುತ್ತೇವೆ ಅಂದರೆ ಒಪ್ಪಬೇಡಿ.

ಇದೆಲ್ಲದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದ್ದು ಅವರ ಹಿಂದಿನ ಓ ಪೇರ್ ಜೊತೆ ಆಡಿದ ಮಾತು. ನಂಬರ್ ಕೇಳಿದೆ, ತಕ್ಷಣ ಕೊಟ್ಟರು. ಕೊಡಲು ಹಿಂದೆಮುಂದೆ ನೋಡಿದ ಇನ್ನೊಂದು ಮನೆಯನ್ನು ನಾನು ಅಲ್ಲಿಗೇ ಬಿಟ್ಟೆ. ಆ ಹುಡುಗಿ ಹೇಳಿದ್ದು ಇಷ್ಟು: ಮನೆಯವರು ಒಳ್ಳೆಯವರು, ಮಾತು ನೇರ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಸಣ್ಣವನು ತಿನ್ನಲು ತುಂಬ ಹಟ ಮಾಡುತ್ತಾನೆ. ಶುಕ್ರವಾರ ಸಂಜೆ ಇಬ್ಬರೂ ತಡವಾಗಿ ಬರುತ್ತಾರೆ, ಆ ಗಂಟೆಗಳನ್ನೂ ಲೆಕ್ಕಕ್ಕೆ ಸೇರಿಸಲು ಹೇಳು. ಯಾವ ಏಜೆನ್ಸಿಯವರೂ ಇಷ್ಟು ಹೇಳುವುದಿಲ್ಲ.

ಕಾಗದಪತ್ರದ ಕೆಲಸ ಬೇಸರದ್ದು, ಆದರೆ ಗೋಜಲಿಲ್ಲ. ಎರಡೂ ಕಡೆಯವರ ಸಹಿ ಇರುವ ಓ ಪೇರ್ ಕರಾರು, ಆ ಮನೆಯವರ ಆಹ್ವಾನ ಪತ್ರ, ಯಾಕೆ ಹೋಗುತ್ತೇನೆ ಅಂತ ಬರೆದ ಪತ್ರ, ಭಾಷೆಯ ಸರ್ಟಿಫಿಕೇಟ್, ವಿಮೆ, 75 ಯೂರೋ ಶುಲ್ಕ. ಕರಾರಿನಲ್ಲಿ ಗಂಟೆ, ರಜೆ, ಕೆಲಸಗಳ ಪಟ್ಟಿ ಸ್ಪಷ್ಟವಾಗಿರಲಿ. ‘ಸಣ್ಣಪುಟ್ಟ ಮನೆಗೆಲಸ’ ಅಂತ ಒಂದೇ ಸಾಲು ಇದ್ದರೆ ಅದರ ಕೆಳಗೆ ಯಾವ ಯಾವ ಕೆಲಸ ಅಂತ ಬರೆಸಿ. ವೀಸಾ ಸಂದರ್ಶನದಲ್ಲಿ ಕೆಲವು ಪ್ರಶ್ನೆ ಜರ್ಮನ್‌ನಲ್ಲೇ ಬಂದವು. ಮಕ್ಕಳ ವಯಸ್ಸೆಷ್ಟು, ತಂದೆತಾಯಿ ಏನು ಮಾಡುತ್ತಾರೆ, ವರ್ಷ ಮುಗಿದ ಮೇಲೆ ನೀವೇನು ಮಾಡುತ್ತೀರಿ. ಬಾಯಿಪಾಠ ಮಾಡಿ ಒಪ್ಪಿಸಿದರೆ ಅವರಿಗೆ ಗೊತ್ತಾಗುತ್ತದೆ. ಎರಡೇ ವಾಕ್ಯವಾದರೂ ನಮ್ಮದಾಗಿರಲಿ.

ನನಗೆ ಸಿಕ್ಕಿದ್ದು ಫ್ರೈಬುರ್ಗ್. ಬ್ಲ್ಯಾಕ್ ಫಾರೆಸ್ಟ್ ಅನ್ನುವ ಕಪ್ಪು ಕಾಡಿನ ಪಕ್ಕದ ಊರು. ಹಳೆಯ ಪೇಟೆಯ ಬೀದಿಗಳ ಅಂಚಿನಲ್ಲಿ ಸಣ್ಣ ಕಾಲುವೆಗಳಲ್ಲಿ ನೀರು ಹರಿಯುತ್ತಿರುತ್ತದೆ, ಬೇಸಿಗೆಯಲ್ಲಿ ಮಕ್ಕಳು ಅದರಲ್ಲಿ ದಾರ ಕಟ್ಟಿದ ಮರದ ದೋಣಿ ಎಳೆದುಕೊಂಡು ಹೋಗುತ್ತವೆ. ಗೊತ್ತಿಲ್ಲದೆ ಆ ಕಾಲುವೆಯಲ್ಲಿ ಕಾಲಿಟ್ಟವರಿಗೆ ಆ ಊರಿನವರ ಜೊತೆಯೇ ಮದುವೆ ಅಂತ ಒಂದು ಮಾತಿದೆ. ನನ್ನ ಕಾಲು ಎಷ್ಟೋ ಸಲ ಒದ್ದೆಯಾಗಿದೆ, ಸದ್ಯಕ್ಕೆ ಅಪಾಯವೇನೂ ಆಗಿಲ್ಲ.

ಮನೆ ಸೇರಿದ ಎರಡು ವಾರದೊಳಗೆ ಪೌರ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಆ ಚೀಟಿಯಿಲ್ಲದೆ ಮುಂದಿನ ಕೆಲಸಗಳು ಸಾಗುವುದಿಲ್ಲ. ಮನೆಯವರನ್ನು ಮೊದಲ ದಿನವೇ ಹೆಸರು ಹಿಡಿದು ಕರೆಯಬೇಕು, ‘ಮೇಡಂ’ ಅಂದರೆ ಅವರಿಗೇ ಮುಜುಗರ. ಅಡುಗೆಮನೆಯ ಗೋಡೆಗೆ ಒಂದು ಉದ್ದನೆಯ ಕ್ಯಾಲೆಂಡರ್ ಇತ್ತು. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಐದನೆಯ ಸಾಲಿನ ತಲೆಯ ಮೇಲೆ ನನ್ನ ಹೆಸರು ಆಗಲೇ ಬರೆದಿದ್ದರು. ಎಲ್ಲವೂ ಪೆನ್ಸಿಲ್‌ನಲ್ಲಿ. ಭಾನುವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಮೂವರೂ ಅದರ ಮುಂದೆ ನಿಂತು ಮುಂದಿನ ವಾರದ ಗಂಟೆ ತುಂಬುತ್ತಿದ್ದೆವು.

ನನ್ನ ಮುಖ್ಯ ಕೆಲಸ ಸಣ್ಣವನನ್ನು ಕಿಟಾದಿಂದ ಕರೆತರುವುದು. ಕಿಟಾ ಅಂದರೆ ಅಲ್ಲಿನ ಶಿಶುವಿಹಾರ. ಮೊದಲು ತಂದೆತಾಯಿ ನನ್ನ ಹೆಸರು ಬರೆದು ಸಹಿ ಹಾಕಿದ ಪತ್ರ ಕೊಡಬೇಕು. ಅದಿಲ್ಲದೆ ಮಗು ಓಡಿ ಬಂದು ತಬ್ಬಿಕೊಂಡರೂ ಟೀಚರ್ ಕಳಿಸುವುದಿಲ್ಲ. ಒಳಗೆ ಸಾಲಾಗಿ ಕೊಕ್ಕೆಗಳು, ಒಂದೊಂದು ಮಗುವಿಗೆ ಒಂದೊಂದು ಚಿತ್ರ. ಇವನದ್ದು ಬಸವನಹುಳು. ಕೊಕ್ಕೆಯ ಕೆಳಗೆ ರಬ್ಬರ್ ಬೂಟು, ಮೇಲೆ ಕೆಸರಲ್ಲಿ ಆಡಲು ಹಾಕುವ ಪ್ಯಾಂಟು. ಮಳೆ ಬರಲಿ, ಮಂಜು ಬೀಳಲಿ, ಮಕ್ಕಳನ್ನು ಹೊರಗೆ ಆಡಲು ಬಿಡುತ್ತಾರೆ. ಹಾಗಾಗಿ ಮಧ್ಯಾಹ್ನ ನಾನು ಹೋಗುವ ಹೊತ್ತಿಗೆ ಆ ಪ್ಯಾಂಟು ಮಣ್ಣಿನಿಂದ ಬಿಗಿದು ನಿಂತಿರುತ್ತಿತ್ತು. ಒದ್ದೆ ಬೂಟು ಬಿಚ್ಚುವಾಗ ಮೊದಲು ಹಿಮ್ಮಡಿ ಸಡಿಲ ಮಾಡಬೇಕು, ಸುಮ್ನೆ ಎಳೆದರೆ ಕಾಲುಚೀಲ ಒಳಗೇ ಉಳಿಯುತ್ತದೆ, ಮಗು ಅಳುತ್ತದೆ. ಊಟದ ಡಬ್ಬಿ ಅಲುಗಾಡಿಸಿ ನೋಡಿ, ಸದ್ದು ಬಂದರೆ ತಿಂದಿಲ್ಲ ಅಂತ. ಟೀಚರ್ ಹತ್ತಿರ ‘ಇವತ್ತು ಹೇಗಿದ್ದ’ ಅಂತ ಕೇಳಿ, ಅವರು ಹೇಳಿದ್ದನ್ನು ಸಂಜೆ ಅಮ್ಮನಿಗೆ ಒಪ್ಪಿಸಬೇಕು. ಮೊದಮೊದಲು ಟೀಚರ್ ಮಾತು ಅರ್ಧ ಗೊತ್ತಾಗುತ್ತಿರಲಿಲ್ಲ, ಒಂದು ಪುಸ್ತಕ ಕೊಟ್ಟು ಬರೆದುಕೊಡಿ ಅನ್ನುತ್ತಿದ್ದೆ. ಅವರಿಗೂ ಬೇಸರವಿರಲಿಲ್ಲ.

ನವೆಂಬರ್ 11ಕ್ಕೆ ಸಂತ ಮಾರ್ಟಿನ್ ದಿನ. ಮಕ್ಕಳು ತಾವೇ ಮಾಡಿದ ಕಾಗದದ ಲಾಟೀನು ಹಿಡಿದು ಕತ್ತಲಲ್ಲಿ ಹಾಡುತ್ತಾ ಮೆರವಣಿಗೆ ಹೋಗುತ್ತವೆ. ಹಾಡು ಕಲಿತುಕೊಂಡು ಹೋಗಿ. ಬಾಯಿ ಮುಚ್ಚಿಕೊಂಡು ನಡೆಯುವ ದೊಡ್ಡವರನ್ನು ಮಕ್ಕಳು ಬಿಡುವುದಿಲ್ಲ.

ಭಾಷೆ ನಿಜವಾಗಿ ಬಂದಿದ್ದು ರಾತ್ರಿ ಕಥೆ ಓದುವಾಗ. ದೊಡ್ಡವಳಿಗೆ ಆಗ ಆರು ವರ್ಷ. ಜರ್ಮನ್‌ನಲ್ಲಿ ನಾಮಪದದ ಮುಂದೆ ಅದರ ಲಿಂಗಕ್ಕೆ ತಕ್ಕಂತೆ ‘ಡೇರ್’, ‘ದಿ’ ಅಂತ ಸೇರಿಸಬೇಕು. ನಾನು ‘ಡೇರ್’ ಅಂದಲ್ಲಿ ‘ದಿ’ ಅಂತ ತಿದ್ದಿ, ಆ ಸಾಲನ್ನು ಮತ್ತೆ ಓದಿಸುತ್ತಿದ್ದಳು. ಒಂದು ತಪ್ಪನ್ನೂ ಬಿಡುತ್ತಿರಲಿಲ್ಲ. ವಾರಕ್ಕೆ ಎರಡು ಸಲ ಫೋಲ್ಕ್ಸ್‌ಹೋಖ್‌ಶೂಲೆಯಲ್ಲಿ ಕ್ಲಾಸ್ ಇತ್ತು, ಅದು ಊರೂರಲ್ಲೂ ಇರುವ, ದೊಡ್ಡವರಿಗೆ ಕಡಿಮೆ ಶುಲ್ಕದಲ್ಲಿ ಕಲಿಸುವ ಶಾಲೆ. ಅಲ್ಲಿ ವ್ಯಾಕರಣ ಸಿಕ್ಕಿತು. ಅದಕ್ಕಿಂತ ಹೆಚ್ಚಾಗಿ ಬೇರೆ ಓ ಪೇರ್‌ಗಳು ಸಿಕ್ಕರು.

ಕೆಲಸ ಮಾಡುವ ಜಾಗದಲ್ಲೇ ಮಲಗಿ ಏಳುವುದು ಈ ಇಡೀ ವ್ಯವಸ್ಥೆಯ ಕಷ್ಟದ ಭಾಗ. ಬಿಡುವಿನ ಹೊತ್ತಲ್ಲಿ ನೀರು ಕುಡಿಯಲು ಅಡುಗೆಮನೆಗೆ ಬಂದರೂ ಯಾವುದಾದರೂ ಮಗು ಕಾಲಿಗೆ ಜೋತುಬೀಳುತ್ತದೆ. ಇದಕ್ಕೆ ದೊಡ್ಡವಳೇ ದಾರಿ ಕಂಡುಹಿಡಿದಳು. ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ಬಣ್ಣ ಹಚ್ಚಿದ ರಟ್ಟನ್ನು ನನ್ನ ಬಾಗಿಲಿಗೆ ತೂಗುಹಾಕಿದಳು. ಕೆಂಪು ಇದ್ದರೆ ತಟ್ಟುವಂತಿಲ್ಲ. ತಮ್ಮನಿಗೆ ಅದನ್ನು ಜೋರಾಗಿಯೇ ಕಲಿಸಿದಳು.

ದೊಡ್ಡವರ ಜೊತೆ ರಟ್ಟು ನಡೆಯುವುದಿಲ್ಲ, ಬಾಯಿಬಿಟ್ಟು ಹೇಳಬೇಕು. ಒಮ್ಮೆ ಗುರುವಾರ ಸಂಜೆ ನನ್ನ ಸಾಲಿನಲ್ಲಿ ಗಂಟೆ ಬರೆದಿದ್ದರು.

‘ಗುರುವಾರ ನನಗೆ ಕ್ಲಾಸ್ ಇದೆ, ಆಗುವುದಿಲ್ಲ’ ಅಂದೆ.

‘ಓ ಹೌದಲ್ಲ. ಮಂಗಳವಾರ ಆಗುತ್ತಾ?’

‘ಆಗುತ್ತೆ.’

ರಬ್ಬರ್ ತೆಗೆದುಕೊಂಡು ಅಳಿಸಿದರು, ಮುಗಿಯಿತು. ಹಲ್ಲು ಕಚ್ಚಿಕೊಂಡು ಒಪ್ಪಿ, ಆಮೇಲೆ ಮುಖ ಊದಿಸಿಕೊಂಡು ಓಡಾಡಿದರೆ ಅಲ್ಲಿನವರಿಗೆ ಯಾಕೆ ಅಂತ ಅರ್ಥವೇ ಆಗುವುದಿಲ್ಲ. ‘ಇಲ್ಲ’ ಅನ್ನುವುದನ್ನು ಅವರು ಒರಟು ಅಂದುಕೊಳ್ಳುವುದಿಲ್ಲ.

ಎಲ್ಲ ಮನೆಯೂ ಹೀಗಿರುವುದಿಲ್ಲ. ಮಕ್ಕಳ ಬಟ್ಟೆ ಒಗೆಯುವುದು, ಅವರ ಊಟ ಸಿದ್ಧಮಾಡುವುದು, ಎಲ್ಲರ ಜೊತೆ ಪಾತ್ರೆ ಎತ್ತಿಡುವುದು ನಮ್ಮ ಪಾಲಿನವು. ಇಡೀ ಮನೆ ಒರೆಸುವುದು, ವಯಸ್ಸಾದವರ ಆರೈಕೆ, ತೋಟದ ಕೆಲಸ ನಮ್ಮವಲ್ಲ. ಕ್ಲಾಸಿನ ಗೆಳತಿಯೊಬ್ಬಳಿಗೆ ಇಡೀ ಮನೆಯ ಇಸ್ತ್ರಿ ಅಂಟಿಕೊಂಡಿತ್ತು, ಅಪ್ಪನ ಆಫೀಸಿನ ಅಂಗಿ ಸೇರಿ. ನಾಲ್ಕು ವಾರ ಮಾಡಿದ ಗಂಟೆಗಳನ್ನು ದಿನ ಹಾಕಿ ಬರೆದಿಡು ಅಂತ ನಾವೆಲ್ಲ ಹೇಳಿದೆವು. ಆ ಹಾಳೆ ನೋಡಿದ ಮೇಲೆ ಅವಳ ಏಜೆನ್ಸಿಯವರು ಬೇರೆ ಮನೆ ಹುಡುಕಿಕೊಟ್ಟರು. ಮನೆ ಬದಲಾಯಿಸಬಹುದು, ವೀಸಾ ಅಲ್ಲಿಗೇ ಮುಗಿಯುವುದಿಲ್ಲ ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಆದರೆ ಎರಡೂ ಮನೆ ಸೇರಿ ಒಟ್ಟು ಒಂದು ವರ್ಷ ಮೀರುವಂತಿಲ್ಲ, ವಲಸಿಗರ ಕಚೇರಿಗೆ ತಿಳಿಸಲೇಬೇಕು. ಏಜೆನ್ಸಿ ಇದ್ದರೆ ಇಂಥ ಹೊತ್ತಲ್ಲಿ ಒಂದು ಆಸರೆ. ನಾನೇ ಇನ್ನೊಮ್ಮೆ ಹೋಗುವಂತಿದ್ದರೂ ಏಜೆನ್ಸಿ ಮೂಲಕವೇ ಹೋಗುತ್ತಿದ್ದೆ.

ಹಾಗೆ ಇನ್ನೊಮ್ಮೆ ಹೋಗುವಂತಿಲ್ಲ. ಜರ್ಮನಿಯಲ್ಲಿ ಓ ಪೇರ್ ವೀಸಾ ಒಂದೇ ಸಲ. ಅಲ್ಲೇ ಮುಂದುವರಿಯಬೇಕು ಅನ್ನುವವರು ಸ್ವಯಂಸೇವೆಯ ವರ್ಷಕ್ಕೋ ಆಸ್‌ಬಿಲ್ಡುಂಗ್ ಅನ್ನುವ ಕೆಲಸದ ತರಬೇತಿಗೋ ಅರ್ಜಿ ಹಾಕುತ್ತಾರೆ. ಆಸ್‌ಬಿಲ್ಡುಂಗ್‌ಗೆ ಹೆಚ್ಚಿನ ಕಡೆ ಬಿ1 ಇಲ್ಲ ಬಿ2 ಕೇಳುತ್ತಾರೆ. ಹಾಗಾಗಿ ಆ 70 ಯೂರೋದ ಕ್ಲಾಸನ್ನು ಮೊದಲ ತಿಂಗಳಿಂದಲೇ ಹಿಡಿದುಕೊಳ್ಳಿ. ಇರುವ ಪರವಾನಗಿ ಮುಗಿಯುವ ಮೊದಲೇ ಹೊಸದಕ್ಕೆ ಅರ್ಜಿ ಹೋಗಿರಬೇಕು, ಕಚೇರಿಗಳಲ್ಲಿ ಭೇಟಿಯ ದಿನ ಸಿಗಲು ವಾರಗಟ್ಟಲೆ ಕಾಯಬೇಕಾಗುತ್ತದೆ. ವಾಪಸ್ ಬರುವವರು ಮನೆಯವರಿಂದ ಒಂದು ಕೆಲಸದ ಪತ್ರ ಬರೆಸಿಕೊಳ್ಳಿ. ಏನೇನು ಮಾಡಿದಿರಿ, ಎಷ್ಟು ತಿಂಗಳು, ಮಕ್ಕಳ ವಯಸ್ಸು ಅದರಲ್ಲಿರಲಿ. ಹೊರಡುವ ಮುಂಚಿನ ವಾರ ಪೌರ ಕಚೇರಿಯಲ್ಲಿ ವಿಳಾಸ ರದ್ದು ಮಾಡಿಸಿ, ಆ ಚೀಟಿಯ ಒಂದು ಪ್ರತಿ ಜೊತೆಗಿಟ್ಟುಕೊಳ್ಳಿ. ಫೋನ್ ಕರಾರು ಮುಗಿಸಲು ಅದೇ ಚೀಟಿ ಕೇಳುತ್ತಾರೆ.