ಮಗ್ಗದ ಓಣಿಯಲ್ಲಿ ಡ್ಯಾಕ್‌ಗೆ ಶುದ್ಧ ಕರೆಂಟ್: ನನ್ನ ಅನುಭವ

ಡಿಜಿಟಲ್ ಆಡಿಯೋ ಅಂದರೆ ಸೊನ್ನೆ, ಒಂದು ಅಷ್ಟೇ ತಾನೇ, ಪವರ್ ಸಪ್ಲೈ ಹೇಗಿದ್ದರೇನು ಎಂದು ಗೆಳೆಯರು ಕೇಳುತ್ತಾರೆ. ಆ ಮಾತು ಅರ್ಧ ನಿಜ. ಕರೆಂಟ್ ಗಲೀಜಾಗಿದೆ ಎಂದು ಫೈಲಿನ ಬಿಟ್‌ಗಳು ಬದಲಾಗುವುದಿಲ್ಲ. ಆದರೆ ಆ ಅಂಕಿಗಳು ಕೊನೆಗೆ ವೋಲ್ಟೇಜ್ ಆಗಲೇಬೇಕು, ಅದೂ ಸರಿಯಾದ ಹೊತ್ತಿಗೆ. ಹೊತ್ತು ಹೇಳುವುದು ಕ್ಲಾಕ್ ಕ್ರಿಸ್ಟಲ್. ವೋಲ್ಟೇಜ್ ಮಾಡುವುದು ಡ್ಯಾಕ್, ಅಂದರೆ ಅಂಕಿಗಳನ್ನು ಅನಲಾಗ್ ಸಂಕೇತವಾಗಿ ಬದಲಿಸುವ ಚಿಪ್‌ನ ಅನಲಾಗ್ ಭಾಗ. ಸಪ್ಲೈಯ ನಾಯ್ಸ್ ಈ ಎರಡು ಕಡೆ ನುಗ್ಗುತ್ತದೆ. ಇಎಸ್‌ಎಸ್ ಸೇಬರ್‌ನಂಥ ಚಿಪ್‌ಗಳಲ್ಲಂತೂ ಅನಲಾಗ್ ಸಪ್ಲೈಯೇ ಅಳತೆಗೋಲು. ಅದು ಅಲುಗಾಡಿದರೆ ಹಾಡೂ ಅಲುಗಾಡುತ್ತದೆ.

ನನ್ನ ಮನೆ ಗದಗ-ಬೆಟಗೇರಿಯಲ್ಲಿ, ವಿದ್ಯುತ್ ಮಗ್ಗಗಳ ಓಣಿಯಲ್ಲಿ. ಹತ್ತಿರದಲ್ಲೇ ವೆಲ್ಡಿಂಗ್ ಅಂಗಡಿಯೂ ಇದೆ. ಮಗ್ಗ, ವೆಲ್ಡಿಂಗ್, ನನ್ನ ಡ್ಯಾಕ್, ಎಲ್ಲವೂ ಒಂದೇ ಲೈನಿನ ಮೇಲೆ. ನಾನು ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ. ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರ ಹಳೆಯ ಧ್ವನಿಮುದ್ರಣಗಳಲ್ಲಿ ಮೊದಲ ಸ್ವರಕ್ಕೂ ಮುಂಚೆ ತಂಬೂರಿ ಮಾತ್ರ ಇರುತ್ತದೆ. ಸಪ್ಲೈ ಸರಿ ಇಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ, ಗುಂಯ್ ಎನ್ನುವ ಸದ್ದು ತಂಬೂರಿಯ ಜೊತೆ ಸೇರಿಕೊಂಡಿರುತ್ತದೆ.

ಲೆಕ್ಕ ನೋಡಿ. ನನ್ನ ಪಿಸಿಎಂ 5122 ಡ್ಯಾಕ್ ಪೂರ್ತಿ ದನಿಗೆ 2.1 ವೋಲ್ಟ್ ಆರ್‌ಎಂಎಸ್ ಕೊಡುತ್ತದೆ, ಅಂದರೆ ಅಲೆಯ ಕೆಳತುದಿಯಿಂದ ಮೇಲ್ತುದಿಗೆ ಸುಮಾರು 5.9 ವೋಲ್ಟ್. ಅದನ್ನು 16 ಬಿಟ್‌ನ 65,536 ಮೆಟ್ಟಿಲುಗಳಿಗೆ ಹಂಚಿದರೆ ಒಂದು ಮೆಟ್ಟಿಲು ಸುಮಾರು 90 ಮೈಕ್ರೋವೋಲ್ಟ್. ಮಾಮೂಲಿ ಮೊಬೈಲ್ ಅಡಾಪ್ಟರಿನ ಔಟ್‌ಪುಟ್‌ನಲ್ಲಿ ಹತ್ತಾರು ಮಿಲಿವೋಲ್ಟ್ ಅಲುಗಾಟ ಇರುವುದು ಸಾಮಾನ್ಯ.

ಅದಕ್ಕೇ ಡ್ಯಾಕ್‌ಗೆ ಟ್ರಾನ್ಸ್‌ಫಾರ್ಮರ್ ಇರುವ ಲೀನಿಯರ್ ಸಪ್ಲೈಯನ್ನು ನಾನೇ ಕಟ್ಟಲು ಹೊರಟೆ. ಟ್ರಾನ್ಸ್‌ಫಾರ್ಮರ್ ವಿಷಯದಲ್ಲಿ ನನಗೆ ಬೇಕಾದದ್ದು ರೆಡಿಮೇಡ್ ಸಿಗಲಿಲ್ಲ. ಪಂಪ್‌ಸೆಟ್ ಮೋಟರ್ ಸುತ್ತುವ ವೈಂಡಿಂಗ್ ಅಂಗಡಿಗೆ ಹೋದೆ. "ಕಾಕಾ, ಪ್ರೈಮರಿಗೂ ಸೆಕೆಂಡರಿಗೂ ನಡುವೆ ಒಂದು ಸುತ್ತು ತಾಮ್ರದ ತಗಡು ಹಾಕಿಕೊಡ್ರಿ" ಎಂದೆ. "ಇದನ್ನ ಇಲ್ಲೀತನಕ ಯಾರೂ ಕೇಳಿಲ್ಲ ನೋಡಪಾ" ಎಂದರು, ಆದರೆ ಅಚ್ಚುಕಟ್ಟಾಗಿ ಮಾಡಿಕೊಟ್ಟರು. ಪ್ರೈಮರಿ ಅಂದರೆ 230 ವೋಲ್ಟ್ ಕಡೆಯ ಸುರುಳಿ, ಸೆಕೆಂಡರಿ ಅಂದರೆ ಕಡಿಮೆ ವೋಲ್ಟ್ ಕೊಡುವ ಸುರುಳಿ. ಈ ತಗಡಿನ ಎರಡು ತುದಿ ಒಂದಕ್ಕೊಂದು ತಾಗಲೇಬಾರದು. ತಾಗಿದರೆ ಅದೇ ಒಂದು ಶಾರ್ಟ್ ಆದ ಸುತ್ತಾಗಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ನಡುವೆ ಇನ್ಸುಲೇಶನ್ ಇಟ್ಟು ತುದಿ ಮೇಲೆ ತುದಿ ಬರುವಂತೆ ಸುತ್ತಿ, ಒಂದು ತಂತಿ ತೆಗೆದು ಅರ್ಥ್‌ಗೆ ಕೊಡಬೇಕು. ಲೈನಿನಿಂದ ಬರುವ ಹೈ ಫ್ರೀಕ್ವೆನ್ಸಿ ನಾಯ್ಸ್ ಸುರುಳಿಯಿಂದ ಸುರುಳಿಗೆ ಹಾರದೆ ಈ ತಗಡಿನ ಮೂಲಕ ಅರ್ಥ್‌ಗೆ ಇಳಿಯುತ್ತದೆ. ಅರ್ಥಿಂಗ್ ಮಾತ್ರ ನಿಜವಾಗಿ ಇರಬೇಕು. ಹಳೆ ಮನೆಗಳಲ್ಲಿ ಮೂರನೇ ಪಿನ್ ಸುಮ್ನೆ ಇರುತ್ತದೆ, ಹಿಂದೆ ತಂತಿಯೇ ಇರುವುದಿಲ್ಲ. ಮೊದಲು ಅದನ್ನು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. 230 ವೋಲ್ಟ್ ಕಡೆ ಫ್ಯೂಸ್, ಲೋಹದ ಡಬ್ಬಿಗೆ ಅರ್ಥ್, ಇವೆರಡನ್ನು ಬಿಟ್ಟು ಕೆಲಸ ಶುರು ಮಾಡಬೇಡಿ.

ಸೆಕೆಂಡರಿ 9 ವೋಲ್ಟ್ ಇಟ್ಟೆ. 5 ವೋಲ್ಟ್ ಸಪ್ಲೈಗೆ 6 ಸಾಕಾಗಲ್ವಾ ಎಂದು ಅನ್ನಿಸಬಹುದು. 6 ವೋಲ್ಟ್ ಎಸಿ ಅಲೆಯ ತುದಿ 8.5. ಎಸಿಯನ್ನು ಡಿಸಿ ಮಾಡುವ ಬ್ರಿಜ್‌ನ ಎರಡು ಡಯೋಡ್ 1.4 ತಿನ್ನುತ್ತವೆ. ರಿಪಲ್, ಅಂದರೆ ಡಿಸಿಯ ಮೇಲೆ ಉಳಿಯುವ ಏರಿಳಿತ ಕಳೆದರೆ 6.7 ಉಳಿಯುತ್ತದೆ. ವೋಲ್ಟೇಜನ್ನು ಸ್ಥಿರವಾಗಿ ಹಿಡಿದಿಡುವ ಎಲ್‌ಎಂ 317 ರೆಗ್ಯುಲೇಟರ್‌ಗೆ ಔಟ್‌ಪುಟ್‌ಗಿಂತ 2 ವೋಲ್ಟ್ ಜಾಸ್ತಿ, ಅಂದರೆ 7 ಬೇಕು. ಲೈನ್ ಸರಿಯಾಗಿ 230 ಇದ್ದಾಗಲೇ ಸಾಲದು. 9 ವೋಲ್ಟ್ ಆದರೆ ಲೈನ್ 170ಕ್ಕೆ ಇಳಿದಾಗಲೂ 7ರ ಮೇಲೆ ನಿಲ್ಲುತ್ತದೆ. ಲೈನ್ 250ಕ್ಕೆ ಏರಿದರೆ 317ಕ್ಕೆ ಸುಮಾರು ಒಂದೂವರೆ ವಾಟ್ ಬಿಸಿ, ಸಣ್ಣ ಹೀಟ್‌ಸಿಂಕ್ ಸಾಕು. ಈ ಲೆಕ್ಕವೆಲ್ಲ 200 ಮಿಲಿಆಂಪ್‌ಗೆ. ಅಷ್ಟು ಕರೆಂಟ್‌ಗೆ 4,700 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೇಲೆ 100 ಹರ್ಟ್ಜ್ ರಿಪಲ್ ಸುಮಾರು 0.4 ವೋಲ್ಟ್ ಇರುತ್ತದೆ. ಅದರ ಮುಂದೆ 2.2 ಓಮ್ ರೆಸಿಸ್ಟರ್, ಆಮೇಲೆ ಇನ್ನೊಂದು 4,700. ರಿಪಲ್ ಆರರಲ್ಲಿ ಒಂದು ಪಾಲಿಗೆ ಬರುತ್ತದೆ, ಅದರ ಚೂಪು ತುದಿಗಳೂ ಮೊಂಡಾಗುತ್ತವೆ. ಕೆಲವೇ ರೂಪಾಯಿಯ ರೆಸಿಸ್ಟರ್‌ನಿಂದ ಇಷ್ಟು ಲಾಭ ಬೇರೆಲ್ಲೂ ಸಿಗದು.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಮಾತು. ದುಬಾರಿ ರೆಗ್ಯುಲೇಟರ್ ಕೊಳ್ಳುವ ಮೊದಲು ಕರೆಂಟ್ ಯಾವ ದಾರಿಯಲ್ಲಿ ವಾಪಸ್ ಹೋಗುತ್ತದೆ ಎಂದು ಕಾಗದದ ಮೇಲೆ ಗೀಟು ಎಳೆದು ನೋಡಿ. ಬ್ರಿಜ್‌ನಿಂದ ಮೊದಲ ಕೆಪಾಸಿಟರ್‌ಗೆ ಕರೆಂಟ್ ಸದಾ ಹರಿಯುವುದಿಲ್ಲ. ಎಸಿ ತುದಿ ಮುಟ್ಟಿದಾಗ ಮಾತ್ರ, ಸೆಕೆಂಡಿಗೆ 100 ಸಲ, ಗಪ್ಪನೆ ನುಗ್ಗುತ್ತದೆ. ಆ ಕ್ಷಣದ ಕರೆಂಟ್ ಲೋಡ್‌ನ ಹಲವು ಪಟ್ಟು ಇರುತ್ತದೆ. ರೆಗ್ಯುಲೇಟರ್‌ನ ಗ್ರೌಂಡ್ ತಂತಿಯನ್ನು ಆ ದಾರಿಯ ನಡುವೆ ಎಲ್ಲೋ ಸೋಲ್ಡರ್ ಮಾಡಿದರೆ, ಚರಂಡಿ ಹರಿಯುವ ಕಾಲುವೆಯಿಂದಲೇ ಕುಡಿಯುವ ನೀರು ಮೊಗೆದಂತೆ. ಬ್ರಿಜ್‌ನ ಮೈನಸ್ ತಂತಿ ನೇರ ಮೊದಲ ಕೆಪಾಸಿಟರ್‌ನ ಮೈನಸ್ ಕಾಲಿಗೆ ಬರಲಿ. ಅಲ್ಲಿಂದ ಬೇರೆ ತಂತಿ ಎರಡನೇ ಕೆಪಾಸಿಟರ್‌ಗೆ. ರೆಗ್ಯುಲೇಟರ್ ಮತ್ತು ಡ್ಯಾಕ್‌ನ ಗ್ರೌಂಡ್ ಆ ಎರಡನೇ ಕೆಪಾಸಿಟರ್ ಕಾಲಿನಿಂದ ಹೊರಡಲಿ. ಎಸಿ ತಂತಿಗಳನ್ನು ಒಂದಕ್ಕೊಂದು ಹೊಸೆದು ಡಬ್ಬಿಯ ಮೂಲೆಯಲ್ಲಿ ಒಯ್ಯಿರಿ.

317ರ ಔಟ್‌ಪುಟ್ ಕಾಲಿಗೂ ಅಡ್ಜಸ್ಟ್ ಕಾಲಿಗೂ ನಡುವೆ 240 ಓಮ್, ಅಡ್ಜಸ್ಟ್ ಕಾಲಿನಿಂದ ಗ್ರೌಂಡ್‌ಗೆ 680 ಮತ್ತು 39 ಓಮ್ ಸಾಲಾಗಿ ಸೇರಿಸಿ ಹಾಕಿದರೆ 5 ವೋಲ್ಟ್ ಬರುತ್ತದೆ. ಅಡ್ಜಸ್ಟ್ ಕಾಲಿಗೆ 10 ಮೈಕ್ರೋಫ್ಯಾರಡ್ ಹಾಕಲು ಮರೆಯಬೇಡಿ. ರಿಪಲ್ ತಡೆಯುವ ಶಕ್ತಿ ಸುಮಾರು 65 ಡೆಸಿಬೆಲ್‌ನಿಂದ 80ಕ್ಕೆ ಏರುತ್ತದೆ. ಅದಾದ ಮೇಲೆ ಕೊನೆಯ ಹಂತಕ್ಕೆ ಎಲ್‌ಟಿ 3045 ರೆಗ್ಯುಲೇಟರ್ ಮಾಡ್ಯೂಲ್‌ಗಳು, ಪ್ರತಿಯೊಂದೂ 3.3 ವೋಲ್ಟ್. ಕ್ಲಾಕ್‌ಗೆ ಒಂದು, ಅನಲಾಗ್‌ಗೆ ಒಂದು, ಚಿಪ್‌ನ ಡಿಜಿಟಲ್ ಭಾಗಕ್ಕೆ ಒಂದು. 10 ಹರ್ಟ್ಜ್‌ನಿಂದ 100 ಕಿಲೋಹರ್ಟ್ಜ್‌ವರೆಗೆ ಇದರ ನಾಯ್ಸ್ 0.8 ಮೈಕ್ರೋವೋಲ್ಟ್ ಮಾತ್ರ. 317 ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಕೈಬಿಡುತ್ತದೆ, ಇದು 1 ಮೆಗಾಹರ್ಟ್ಜ್‌ನಲ್ಲೂ 76 ಡೆಸಿಬೆಲ್ ತಡೆಯುತ್ತದೆ.

ಆದರೆ ಅದನ್ನು ಎಲ್ಲಿ ಇಡುತ್ತೀರಿ ಎಂಬುದು ಮುಖ್ಯ. 10 ಸೆಂಟಿಮೀಟರ್ ತಂತಿಗೆ ಸುಮಾರು 100 ನ್ಯಾನೊಹೆನ್ರಿ ಇಂಡಕ್ಟೆನ್ಸ್. ನನ್ನ ಎರಡು ಕ್ಲಾಕ್‌ಗಳು 22.5792 ಮತ್ತು 24.576 ಮೆಗಾಹರ್ಟ್ಜ್. ಆ ವೇಗದಲ್ಲಿ ಅಷ್ಟು ತಂತಿಯೇ 15 ಓಮ್‌ನಷ್ಟು ತಡೆ ಒಡ್ಡುತ್ತದೆ. ರೆಗ್ಯುಲೇಟರ್ ಎಷ್ಟೇ ಚೆನ್ನಾಗಿದ್ದರೂ ದೂರ ಇದ್ದರೆ ಅದರ ಒಳ್ಳೆಯತನ ಕ್ಲಾಕ್‌ಗೆ ತಲುಪುವುದಿಲ್ಲ. ಮಾಡ್ಯೂಲನ್ನು ಕ್ಲಾಕ್‌ಗೆ ಅಂಟಿಕೊಂಡಂತೆ ಕೂರಿಸಿ, ಕ್ಲಾಕ್‌ನ ಕಾಲಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಹಾಕಿ.

ಡ್ಯಾಕ್‌ಗೆ ಹಾಡು ಕಳಿಸುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈಗೆ ಮಾತ್ರ ನಾನು ಅದರ ಮಾಮೂಲಿ ಅಡಾಪ್ಟರನ್ನೇ ಉಳಿಸಿಕೊಂಡೆ. ಪೈ ಬೋರ್ಡ್ ತಾನೇ ಗದ್ದಲ ಮಾಡುವ ಕಂಪ್ಯೂಟರ್. ಅದಕ್ಕೆ ದೊಡ್ಡ ಲೀನಿಯರ್ ಸಪ್ಲೈ ಕಟ್ಟಿ ದುಡ್ಡು, ಬಿಸಿ ಎರಡನ್ನೂ ಯಾಕೆ ಸುರಿಯಬೇಕು? ಪೈಯಿಂದ ಡ್ಯಾಕ್‌ಗೆ ಹಾಡಿನ ಬಿಟ್‌ಗಳನ್ನು ಒಯ್ಯುವ ಐ2ಎಸ್ ತಂತಿಗಳ ನಡುವೆ ಡಿಜಿಟಲ್ ಐಸೊಲೇಟರ್ ಹಾಕಿದೆ, ಅದು ಬಿಟ್‌ಗಳನ್ನು ದಾಟಿಸಿ ಕರೆಂಟಿನ ನೇರ ದಾರಿ ಕಡಿಯುವ ಚಿಪ್. ಆಗ ಎರಡರ ಗ್ರೌಂಡ್ ಬೇರೆಯಾಗುತ್ತದೆ. ಅಡಾಪ್ಟರಿನ ಒಳಗೆ ಲೈನ್ ಕಡೆಗೂ ಔಟ್‌ಪುಟ್ ಕಡೆಗೂ ನಡುವೆ ಇರುವ ವೈ ಕೆಪಾಸಿಟರ್ ಮೂಲಕ ಸೋರುವ ಕರೆಂಟ್ ಡ್ಯಾಕ್ ದಾಟಿ ಆಂಪ್ಲಿಫೈಯರ್‌ಗೆ ಹೋಗುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಎರಡು ಪಿನ್ ಅಡಾಪ್ಟರ್ ಹಾಕಿದ ಲ್ಯಾಪ್‌ಟಾಪ್ ಮುಟ್ಟಿದಾಗ ಜುಮ್ ಅನ್ನುತ್ತದಲ್ವಾ, ಅದು ಇದೇ ಕರೆಂಟ್. ಐಸೊಲೇಟರ್ ಹಾಕಿದ ಮೇಲೆ ಕ್ಲಾಕ್ ಡ್ಯಾಕ್ ಕಡೆಯೇ ಇರಬೇಕು, ಪೈ ಅದನ್ನು ಹಿಂಬಾಲಿಸಬೇಕು. ಚಿಪ್‌ಗೆ ಆದೇಶ ಕಳಿಸುವ ಐ2ಸಿ ತಂತಿಗಳಿಗೆ ಬೇರೆ ಬಗೆಯ ಐಸೊಲೇಟರ್ ಬೇಕು, ಅಲ್ಲಿ ಮಾತು ಎರಡೂ ಕಡೆಗೆ ನಡೆಯುತ್ತದೆ.

ಅಳೆಯಲು ಮಲ್ಟಿಮೀಟರ್ ಸಾಲದು. ಡ್ಯಾಕ್‌ನ ಔಟ್‌ಪುಟ್ಟನ್ನು ಕಂಪ್ಯೂಟರಿನ ಸೌಂಡ್ ಕಾರ್ಡ್‌ಗೆ ಕೊಟ್ಟು, ಮೌನದ ಫೈಲ್ ನುಡಿಸಿ, ಆಡಾಸಿಟಿಯಲ್ಲಿ ಸ್ಪೆಕ್ಟ್ರಮ್ ನೋಡಿ. ಗೆರೆ 50 ಹರ್ಟ್ಜ್‌ನಲ್ಲಿ ಎದ್ದರೆ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವನ್ನೋ ಗ್ರೌಂಡ್ ಲೂಪನ್ನೋ ಹುಡುಕಿ. 100, 200, 300ರಲ್ಲಿ ಎದ್ದರೆ ಮೇಲೆ ಹೇಳಿದ ಕೆಪಾಸಿಟರ್ ದಾರಿಯನ್ನು ನೋಡಿ. ನನ್ನಲ್ಲಿ ಟ್ರಾನ್ಸ್‌ಫಾರ್ಮರನ್ನು ಕಾಲುಸುತ್ತು ತಿರುಗಿಸಿ ಕೂರಿಸಿದಾಗ 50ರ ಗೆರೆ ಕಣ್ಣೆದುರೇ ತಗ್ಗಿತು. ಹಾಗಾಗಿ ಅಳೆಯುವ ಮುಂಚೆ ಡಬ್ಬಿಗೆ ತೂತು ಕೊರೆಯಬೇಡಿ.

ಕೆಪಾಸಿಟರ್‌ಗಳನ್ನು 105 ಡಿಗ್ರಿ ಬಿಸಿ ತಾಳುವಂಥವನ್ನೇ ಕೊಳ್ಳಿ, ಹೀಟ್‌ಸಿಂಕ್‌ನಿಂದ ದೂರ ಇಡಿ. ಬಿಸಿ 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಡಬ್ಬಿಯ ಒಳಗೆ ಎಷ್ಟು ಕಾಯುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಮೇಲೆ, ಕೆಳಗೆ ಎರಡೂ ಕಡೆ ಗಾಳಿ ಕಿಂಡಿ ಬಿಡಿ.